ಕಣಕ್ಕೊಂದು, ತೊಟ್ಟಿಗೊಂದು: ಕಾಂಕ್ರೀಟೆಲ್ಲ ಒಂದೇ ಅಲ್ಲ



ಫಸಲಿನ ಲೆಕ್ಕ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿಯಿತೆಂದರೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಕಣ, ತೊಟ್ಟಿ, ಗೋದಾಮಿನ ಕೆಲಸ. ಮೇಸ್ತ್ರಿಯನ್ನು ಕರೆಸುತ್ತೇವೆ, ಅವರು ಒಂದು, ಎರಡು, ನಾಲ್ಕರ ಮಿಶ್ರಣ ಎನ್ನುತ್ತಾರೆ, ನಾವು ತಲೆಯಾಡಿಸುತ್ತೇವೆ. ಕಾಫಿ ಒಣಗಿಸುವ ಕಣಕ್ಕೂ ಅದೇ, ಪಲ್ಪರ್ ನೀರು ನಿಲ್ಲುವ ತೊಟ್ಟಿಗೂ ಅದೇ, ಹಳ್ಳದ ಮೋರಿಗೂ ಅದೇ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ನಾವು ಕಾಂಕ್ರೀಟಿನ ವಿಷಯದಲ್ಲಿ ಮಾತ್ರ ಎಲ್ಲ ರೋಗಕ್ಕೂ ಒಂದೇ ಮದ್ದು ಎಂದುಕೊಂಡಿದ್ದೇವೆ. ಇದು ಬದಲಾಗಬೇಕು.

ದೂರವೇಕೆ, ನಮ್ಮ ಸಂಘದ ಕಣದ ಕಥೆಯನ್ನೇ ಹೇಳುತ್ತೇವೆ. ಕೊಯ್ಲು ತಲೆಯ ಮೇಲೆ ಬಂತೆಂದು ನವೆಂಬರಿನಲ್ಲಿ ಅವಸರದಿಂದ ಹಾಕಿಸಿದೆವು. ಹರಡಲು ಸುಲಭವಾಗಲೆಂದು ನೀರು ಧಾರಾಳವಾಗಿ ಸುರಿದದ್ದಾಯಿತು. ಮೇಲೆ ಒಣ ಸಿಮೆಂಟು ಎರಚಿ ನುಣುಪು ಮಾಡಿದ್ದಾಯಿತು. ನಾಲ್ಕನೆಯ ದಿನಕ್ಕೆ ಹಣ್ಣು ಹರಡಿದ್ದೂ ಆಯಿತು. ಎರಡನೆಯ ವರ್ಷಕ್ಕೆ ಮೇಲ್ಪದರ ಪುಡಿಯೆದ್ದು ಬಿರುಕು ಬಿಟ್ಟಿತು. ಬಿರುಕಿನಲ್ಲಿ ಉಳಿದ ಕಾಳು ಬೂಷ್ಟು ಹಿಡಿದು ಹೊಸ ಕಾಫಿಯೊಡನೆ ಸೇರಿತು. ತಪ್ಪು ಮೇಸ್ತ್ರಿಯದಲ್ಲ, ಅವಸರಪಟ್ಟ ನಮ್ಮದೇ.

ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ. ಅದಕ್ಕೆ ಬೇಕಾದ ನೀರು ಸಿಮೆಂಟಿನ ತೂಕದ ಸುಮಾರು ಕಾಲು ಭಾಗ. ಕಲಸಲು ಸ್ವಲ್ಪ ಹೆಚ್ಚು ಬೇಕಾದ್ದರಿಂದ, ಮರಳಿನ ತೇವವೂ ಸೇರಿ 50 ಕಿಲೋ ಚೀಲಕ್ಕೆ 25 ಲೀಟರ್ ಮೀರದಿರಲಿ. ಮಿಕ್ಕ ನೀರು ಆರಿಹೋಗುವಾಗ ಬಿಟ್ಟುಹೋಗುವ ಸೂಕ್ಷ್ಮ ರಂಧ್ರಗಳೇ ಮುಂದಿನ ಸೋರಿಕೆಗೆ ದಾರಿ.

ಅಂಗಡಿಯಲ್ಲಿ ಸಿಗುವ ಪಿ.ಪಿ.ಸಿ. ಸಿಮೆಂಟಿನಲ್ಲಿ ಸಾಮಾನ್ಯವಾಗಿ ಶೇ. 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. "ಬೂದಿ ಬೆರೆಸಿದ್ದು" ಎಂದು ಮೂಗು ಮುರಿಯುವವರಿದ್ದಾರೆ. ಅದು ನಿಧಾನವಾಗಿ ಬಲಿಯುತ್ತದೆ, ನಿಜ. ಆದರೆ ಚೆನ್ನಾಗಿ ಬಲಿತರೆ ನೀರನ್ನು ಒಳಗೆ ಬಿಡುವುದು ಕಡಿಮೆ. 2000ದ ಐ.ಎಸ್. 456 ನಿಯಮಾವಳಿ ಸಾಮಾನ್ಯ ಸಿಮೆಂಟಿನ ಕೆಲಸವನ್ನು ಕನಿಷ್ಠ 7 ದಿನ, ಇಂಥ ಮಿಶ್ರ ಸಿಮೆಂಟಿನದನ್ನು 10 ದಿನ ಒದ್ದೆಯಾಗಿಡಬೇಕೆನ್ನುತ್ತದೆ. ನಾಲ್ಕೇ ದಿನಕ್ಕೆ ಕಣ ತುಳಿದ ನಮಗೆ ಆದದ್ದು ನ್ಯಾಯವೇ.

ಕಣಕ್ಕೆ ಪಾಲಿಪ್ರೊಪಿಲೀನ್ ಎಳೆ ಬೆರೆಸಿದ ಕಾಂಕ್ರೀಟು ಒಪ್ಪುತ್ತದೆ. ಹಸಿಯಿರುವಾಗ ಬಿಸಿಲುಗಾಳಿಗೆ ಏಳುವ ಕೂದಲೆಳೆಯ ಬಿರುಕುಗಳನ್ನು ಆ ಎಳೆಗಳು ತಡೆಯುತ್ತವೆ. ಆದರೆ ಅವು ಕಬ್ಬಿಣದ ಕೆಲಸ ಮಾಡಲಾರವು. ನಾಲ್ಕು ಅಂಗುಲ ದಪ್ಪದ ಕಣಕ್ಕೆ ಹತ್ತು ಅಡಿಗೊಂದರಂತೆ ಸಂದು ಬಿಡುವುದೂ ತಪ್ಪದು.

ಕಾಫಿ ಹುದುಗಿಸುವ ತೊಟ್ಟಿಯ ಮಾತೇ ಬೇರೆ. ಲೋಳೆ ಹುದುಗಿದಾಗ ಹುಳಿ ಹುಟ್ಟುತ್ತದೆ, ಹುಳಿ ಸಿಮೆಂಟನ್ನು ತಿನ್ನುತ್ತದೆ. ಇದಕ್ಕೆ ಪೂರ್ತಿ ಜಗ್ಗದ ಸಾಮಾನ್ಯ ಸಿಮೆಂಟು ಯಾವುದೂ ಇಲ್ಲ. ನೀರು ಕಡಿಮೆ ಹಾಕಿದ ದಟ್ಟ ಕಾಂಕ್ರೀಟು ತಡೆದುಕೊಳ್ಳುವ ಕಾಲವನ್ನು ಹೆಚ್ಚಿಸುತ್ತದೆ, ಅಷ್ಟೇ. ಒಳಮೈಗೆ ಟೈಲ್ಸು ಅಥವಾ ತಕ್ಕ ಲೇಪನ ಬೇಕು. ಟೈಲ್ಸಿನ ಸಂದಿಗೆ ಬರೀ ಸಿಮೆಂಟು ಮೆತ್ತಿದರೆ ಹುಳಿ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ಕುಡಿಯುವ ನೀರಿನ, ಔಷಧಿ ಕಲಸುವ ನೀರಿನ ಸಣ್ಣ ತೊಟ್ಟಿಗಳಿಗೆ ಫೆರೋಸಿಮೆಂಟು ಅಗ್ಗದ ದಾರಿ. ಒತ್ತಾದ ತಂತಿಬಲೆಗೆ ಸಿಮೆಂಟು ಗಾರೆ ತುಂಬಿದರೆ ಒಂದಂಗುಲದ ಗೋಡೆ ಸಾಕಾಗುತ್ತದೆ. ಫ್ರಾನ್ಸಿನ ಲಾಂಬೋ ಎಂಬಾತ 1848ರಲ್ಲಿ ಈ ರೀತಿಯಲ್ಲಿ ದೋಣಿಯನ್ನೇ ಕಟ್ಟಿದ್ದ. ಬಲೆ ಹೊರಗೆ ಕಾಣದಂತೆ ಗಾರೆ ಮುಚ್ಚಬೇಕು. ಕಂಡರೆ ತುಕ್ಕು ಹಿಡಿಯುತ್ತದೆ.

ಮರಳಿಲ್ಲದೆ ಜಲ್ಲಿ ಸಿಮೆಂಟಿನಲ್ಲೇ ಹಾಕುವ, ನೀರು ಇಂಗಿಸುವ ಕಾಂಕ್ರೀಟನ್ನು ಈಗ ಕೆಲವರು ತೋಟದ ದಾರಿಗೆ ಹೊಗಳುತ್ತಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮಲೆನಾಡಿನ ಕೆಮ್ಮಣ್ಣು ಅದರ ರಂಧ್ರಗಳನ್ನು ಬೇಗ ಮುಚ್ಚುತ್ತದೆ. ಗೊಬ್ಬರದ ಲಾರಿಯ ಭಾರಕ್ಕೂ ಅದು ತಕ್ಕದ್ದಲ್ಲ. ಮನೆಯಂಗಳದ ಕಾಲುದಾರಿಗೆ ಸಾಕು.

ಇದೆಲ್ಲ ದೊಡ್ಡ ಎಸ್ಟೇಟಿನವರಿಗೆ, ಎರಡೆಕರೆಯವರಿಗಲ್ಲ ಎಂದು ಕೆಲವರು ಹೇಳಬಹುದು. ನಾವು ಹೇಳುವುದು ತಿರುವುಮುರುವು. ದೊಡ್ಡವರು ಕೆಟ್ಟದ್ದನ್ನು ಕಿತ್ತು ಮತ್ತೆ ಹಾಕಿಸಿಯಾರು. ಸಾಲ ತಂದು ಕಣ ಮಾಡಿಸಿದ ಸಣ್ಣ ಹಿಡುವಳಿದಾರನಿಗೆ ಎರಡನೆಯ ಅವಕಾಶವಿಲ್ಲ. ನೀರು ಅಳೆದು ಹಾಕಲು, ಗೋಣಿಚೀಲ ಒದ್ದೆ ಮಾಡಿ ಹೊದಿಸಲು ಹಣವೂ ಬೇಕಿಲ್ಲ, ತಾಳ್ಮೆ ಬೇಕು.

ಆದ್ದರಿಂದ ಎರಡು ಸಲಹೆ. ಸಂಘವು ಒಂದು ವೈಬ್ರೇಟರ್ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಲಿ. ಊರ ಮೇಸ್ತ್ರಿಗಳನ್ನು ಕರೆದು ಇಂಜಿನಿಯರೊಬ್ಬರಿಂದ ಒಂದು ದಿನದ ತರಬೇತಿ ಕೊಡಿಸಲಿ. ಕಣದ ಕೆಲಸವನ್ನು ಕೊಯ್ಲಿನ ಮುಂದೆ ಇಟ್ಟುಕೊಳ್ಳದೆ ಬೇಸಿಗೆಯಲ್ಲೇ ಸಂಜೆಯ ತಂಪಿನಲ್ಲಿ ಮುಗಿಸಿದರೆ, ಅದನ್ನು ಒದ್ದೆಯಾಗಿಟ್ಟು ಬಲಿಸಲು ಬೇಕಾದಷ್ಟು ಸಮಯ ಸಿಗುತ್ತದೆ. ಮಹಾಸಭೆಯಲ್ಲಿ ಈ ವಿಷಯ ತರಲಿದ್ದೇವೆ. ಸದಸ್ಯರು ತಮ್ಮ ಅನುಭವದೊಡನೆ ಬರಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ