ತೋಟಕ್ಕೆ ಮುಧೋಳ ನಾಯಿ ತರ್ತೀರಾ? ಮೊದಲು ಗೂಡು ಕಟ್ಟಿ

ಹೋದ ವಾರ ಗುಬ್ಬಿ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಮರಿಯೊಂದರ ಫೋಟೊ ಕಳಿಸಿದ್ದ. "ಅಣ್ಣ, ಮುಧೋಳ ಮರಿ ಸಿಗ್ತಾ ಐತೆ. ಪಂಪ್‌ಹೌಸ್ ಹತ್ರ ಕಟ್ಟಾಕಿದ್ರೆ ಕೇಬಲ್ ಕಳ್ಳರು ಬರಲ್ಲ ಅಲ್ವಾ?" ಬೇಡ ಕಣಪ್ಪ ಅಂದೆ. ಯಾಕೆ ಅನ್ನೋದನ್ನ ಮೆಸೇಜಲ್ಲಿ ಹೇಳಿ ಮುಗಿಸೋಕಾಗಲಿಲ್ಲ.

ನಾನೂ ಅದನ್ನೇ ಮಾಡಿದವನು. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುವಾಗ ಮುಧೋಳ ಸೀಮೆಯ ಹಳ್ಳಿಗಳಲ್ಲಿ ಈ ನಾಯಿ ಓಡೋದನ್ನ ನೋಡಿ ಮರುಳಾಗಿದ್ದೆ. ಊರಿಗೆ ಬಂದು ಸಾವಯವ ತೋಟ ಶುರು ಮಾಡಿದ ಮೇಲೆ ಒಂದು ಗಂಡು ಮರಿ ತಂದು ಬಾಣ ಅಂತ ಹೆಸರಿಟ್ಟೆ. ಹಗಲೆಲ್ಲ ನನ್ನ ಹಿಂದೆ, ರಾತ್ರಿ ಪಂಪ್‌ಹೌಸ್ ಪಕ್ಕದ ತೆಂಗಿನ ಮರಕ್ಕೆ ಆರಡಿ ಸರಪಳಿ. ಎರಡು ವರ್ಷ ಏನೂ ಆಗಲಿಲ್ಲ. ಒಂದು ಬೆಳಗ್ಗೆ ಹೋಗಿ ನೋಡಿದ್ರೆ ಸರಪಳಿ ಇತ್ತು, ಹರಿದ ಬೆಲ್ಟ್ ಇತ್ತು, ಡ್ರಿಪ್ ಲೈನಿನ ಒದ್ದೆ ಮಣ್ಣಲ್ಲಿ ಚಿರತೆ ಹೆಜ್ಜೆ ಇತ್ತು. ಅಪ್ಪ ಅಂದಿದ್ದು ಒಂದೇ ಮಾತು: "ಕಟ್ಟಾಕಿ ಕೊಟ್ಟಂಗಾಯ್ತಲ್ಲೋ."

ನಮ್ಮ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕಿಗೆ ಚಿರತೆ ಹೊಸದಲ್ಲ. 2019–20ರಲ್ಲಿ ಮಕ್ಕಳೂ ಸೇರಿ ಜನರೇ ಬಲಿಯಾದದ್ದು ಎಲ್ಲರಿಗೂ ನೆನಪಿದೆ. ಊರಂಚಿನ ಚಿರತೆಗೆ ನಾಯಿ ಸುಲಭದ ಊಟ. ಬಿಟ್ಟ ನಾಯಿ ಓಡಿಯಾದರೂ ಉಳಿಯಬಹುದು. ಕಟ್ಟಿದ ನಾಯಿ ಬೊಗಳಿ ತಾನೆಲ್ಲಿದ್ದೀನಿ ಅಂತ ತೋರಿಸಿಕೊಡುತ್ತೆ, ಅಷ್ಟೇ. ದೊಡ್ಡ ತಳಿ ಕಂಡ್ರೆ ಚಿರತೆ ಹೆದರುತ್ತೆ ಅನ್ನೋರು ಹಿಮಾಚಲದ ಗದ್ದಿ ಕುರಿಗಾಹಿಗಳನ್ನ ನೋಡಬೇಕು. ಅವರ ನಾಯಿಗಳು ದಪ್ಪ ರೋಮದ ಗಟ್ಟಿ ಪ್ರಾಣಿಗಳು, ಆದ್ರೂ ಕುತ್ತಿಗೆಗೆ ಮುಳ್ಳಿರೋ ಕಬ್ಬಿಣದ ಪಟ್ಟಿ ಹಾಕ್ತಾರೆ. ಚಿರತೆ ಬಾಯಿ ಹಾಕೋದೇ ಅಲ್ಲಿ.

ಮುಧೋಳ ಹಾಗೆ ನಿಂತು ಕಾದಾಡೋ ತಳಿಯೂ ಅಲ್ಲ. ಎತ್ತರ ಎರಡಡಿ ಮೀರುತ್ತೆ ನಿಜ, ಆದ್ರೆ ಮೈಯೆಲ್ಲ ಕಾಲು ಮತ್ತು ಎದೆ. ದೂರದ ಬೇಟೆಯನ್ನ ಕಣ್ಣಲ್ಲೇ ಗುರುತಿಸಿ ಅಟ್ಟಿಸಿಕೊಂಡು ಹೋಗೋಕೆ ಬೆಳೆಸಿದ್ದು. 2005ರಲ್ಲಿ ಅಂಚೆ ಚೀಟಿ ಮೇಲೆ ಬಂತು, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋಯ್ತು. ಅದನ್ನೆಲ್ಲ ಮೊಬೈಲಲ್ಲಿ ನೋಡಿ ಮರಿ ತಂದು ಮರಕ್ಕೆ ಬಿಗಿಯೋದು ಯಾವ ನ್ಯಾಯ? ಕುಣಿಗಲ್ ಕುದುರೆ ಫಾರಂ ಪಕ್ಕದಲ್ಲೇ ಬೆಳೆದ ನಾವು ರೇಸ್ ಕುದುರೆಗೆ ನೇಗಿಲು ಕಟ್ಟಲ್ಲ. ನಾಯಿ ವಿಷಯ ಬಂದಾಗ ಮಾತ್ರ ಆ ತಿಳಿವಳಿಕೆ ಎಲ್ಲಿ ಹೋಗುತ್ತೋ! ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಸದಾ ಕಟ್ಟಿಹಾಕಿದ ನಾಯಿಯನ್ನ ಓಡಾಡಿಸದೇ ಇರೋದು ಅದರ ಪ್ರಕಾರ ಅಪರಾಧ.

ತುಮಕೂರು ಸಿಟೀಲಿ 30x40 ಸೈಟಿನ ಮನೇಲಿ ರಾಟ್‌ವೀಲರ್ ಸಾಕಿ, ಅದು ಕೈಗೆ ಸಿಗದಷ್ಟು ಬೆಳೆದ ಮೇಲೆ "ನಿಮ್ಮ ತೋಟದಲ್ಲಿ ಇಟ್ಕೊಳಿ" ಅನ್ನೋರೂ ಇದ್ದಾರೆ. ಬಿಟ್ಟಿ ಅಂತ ತರಬೇಡಿ. ಕೂಲಿಗೆ ಬರೋ ಹೆಂಗಸರು ಅದರ ಮುಂದೆ ಹೆಂಗೆ ಓಡಾಡ್ತಾರೆ ಯೋಚಿಸಿ.

ಹಾಗಾದ್ರೆ ಸಾಕಲೇಬಾರದಾ? ಸಾಕಿ. ನಾನೂ ಮತ್ತೆ ಸಾಕಿದ್ದೀನಿ, ಈ ಸಲ ಗೂಡು ಮೊದಲು, ಮರಿ ಆಮೇಲೆ. ಎಂಟಡಿಗೆ ಆರಡಿ, ಆರಡಿ ಎತ್ತರ, ದಪ್ಪ ಕಂಬಿಯ ವೆಲ್ಡ್ ಮೆಶ್. ಮೇಲ್ಭಾಗಕ್ಕೂ ಮೆಶ್ ಬೇಕೇ ಬೇಕು, ಚಿರತೆ ಹತ್ತುತ್ತೆ. ನೆಲ ಸಿಮೆಂಟು, ಒಂದು ಕಡೆ ಇಳಿಜಾರು, ಮಲಗೋಕೆ ಹಲಗೆ. ಮುಧೋಳಕ್ಕೆ ರೋಮ ಕಮ್ಮಿ, ಮಾಗಿ ಚಳೀಲಿ ಹಲಗೆ ಮೇಲೆ ಗೋಣಿಚೀಲ ಬೇಕು. ಪಂಪ್‌ಹೌಸ್ ಹತ್ರ ಅಲ್ಲ, ಮನೆ ಹತ್ರ. ಅದು ಬೊಗಳಿದ್ರೆ ನಿಮಗೆ ಎಚ್ಚರ ಆಗಬೇಕು, ಅದರ ಕೆಲಸ ಅಷ್ಟೇ. ಮರಿಗಿಂತ ಗೂಡಿಗೇ ಹೆಚ್ಚು ಖರ್ಚಾಯ್ತು ಅಂತ ಮನೇಲಿ ಬೈಸಿಕೊಂಡೆ, ಇರಲಿ. ಬೆಳಗ್ಗೆ ಸಂಜೆ ಬೇಲಿ ಒಳಗೆ ಓಡೋಕೆ ಬಿಡ್ತೀನಿ. ಬೇಲಿ ಆಚೆ ಬಿಟ್ಟು ಮೊಲ ಹಿಡಿಸಿ ವಿಡಿಯೊ ಹಾಕೋ ಹುಡುಗರಿಗೆ ಒಂದು ಮಾತು: 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಬೇಟೆ. ಸಾಕ್ಷಿ ನೀವೇ ಅಪ್‌ಲೋಡ್ ಮಾಡಿರ್ತೀರ.

ಊಟಕ್ಕೆ ರಾಗಿ ಮುದ್ದೆ ಒಂದೇ ಸಾಲದು, ಜೊತೆಗೆ ಮೊಟ್ಟೆ, ಮೊಸರು, ಮಾಂಸ ಇರಲಿ. ಬೇಯಿಸಿದ ಕೋಳಿ ಮೂಳೆ ಹಾಕಬೇಡಿ. ಪಾರ್ವೊ, ಡಿಸ್ಟೆಂಪರ್ ಲಸಿಕೆ 6–8 ವಾರಕ್ಕೆ ಶುರು, ರೇಬಿಸ್ 3 ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದಂತೆ ಮರುಡೋಸ್. ತೋಟದಲ್ಲಿ ಇಲಿ ಇರೋದ್ರಿಂದ ಇಲಿ ಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ಉಣ್ಣೆಗೆ ಬೇವಿನೆಣ್ಣೆ ಸಾಕು ಅಂತ ಸಾವಯವದ ಹಠ ಹಿಡೀಬೇಡಿ, ಉಣ್ಣೆ ಜ್ವರ ನಾಯಿಯನ್ನ ಕೊಲ್ಲುತ್ತೆ.

ಸಾವಯವದವರು ಮರೆಯೋದು ಇನ್ನೊಂದಿದೆ, ಹರಳು ಹಿಂಡಿ. ಗಿಡಕ್ಕೆ ಒಳ್ಳೇ ಗೊಬ್ಬರ, ನಾಯಿಗೆ ವಿಷ. ಅದರಲ್ಲಿರೋ ರಿಸಿನ್‌ಗೆ ಪ್ರತಿವಿಷ ಇಲ್ಲ. ಎಲುಬಿನ ಪುಡಿ ಜೊತೆ ಬೆರೆಸಿದ್ರಂತೂ ವಾಸನೆಗೆ ನಾಯಿ ತಾನಾಗೇ ಬಂದು ತಿನ್ನುತ್ತೆ. ನಮ್ಮಲ್ಲಿ ಈಗ ಬರೀ ಬೇವಿನ ಹಿಂಡಿ, ಹೊಂಗೆ ಹಿಂಡಿ. ಅಡಿಕೆ ತೋಟಕ್ಕೆ ಬಸವನಹುಳದ ಮಾತ್ರೆ ಹಾಕೋರೂ ನಾಯಿ ಕಡೆ ಗಮನ ಇಡಿ.

ಗುಬ್ಬಿ ಹುಡುಗನಿಗೆ ಗೂಡಿನ ಅಳತೆ ಕಳಿಸಿದ್ದೀನಿ. ವೆಲ್ಡಿಂಗ್ ಶಾಪಲ್ಲಿ ರೇಟ್ ಕೇಳಿ ಹೇಳ್ತೀನಿ ಅಂದಿದ್ದಾನೆ. ಮರಿ ಬಗ್ಗೆ ಮತ್ತೆ ಮಾತೆತ್ತಿಲ್ಲ.