ಗೇರು ಹಾಕುವ ಕೈ

ಶಿರಾದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ಕಾರು ಓಡಿಸುವುದು ಒಂದು ಬಗೆ. ಮಧುಗಿರಿ, ಕೊರಟಗೆರೆಗಳ ಬೆಟ್ಟಸೀಮೆಯ ಏರಿಳಿವಿನ ದಾರಿಯಲ್ಲಿ ಓಡಿಸುವುದು ಇನ್ನೊಂದು ಬಗೆ. ಏರಿನಲ್ಲಿ ಎಂಜಿನ್ನಿನ ದನಿ ಕುಗ್ಗಿದೊಡನೆ ಚಾಲಕನ ಎಡಗಾಲು ಕ್ಲಚ್ಚನ್ನು ಒತ್ತುತ್ತದೆ, ಎಡಗೈ ಕೆಳಗಿನ ಗೇರನ್ನು ಹಾಕುತ್ತದೆ. ಇಳಿಜಾರಿನಲ್ಲಿ ಅದೇ ಗೇರು ಎಂಜಿನ್ನಿನ ಬಲದಿಂದಲೇ ವೇಗವನ್ನು ತಡೆದು, ಬ್ರೇಕು ಅತಿಯಾಗಿ ಕಾಯದಂತೆ ಕಾಪಾಡುತ್ತದೆ.

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1939ರಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಸ್ವಯಂಚಾಲಿತ ಗೇರು ವ್ಯವಸ್ಥೆಯನ್ನು ತಂದು ಈ ಕೆಲಸವನ್ನು ಯಂತ್ರಕ್ಕೇ ವಹಿಸಿತು. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನೊಡನೆ ಅಂಥ ಸೌಲಭ್ಯವು ನಮ್ಮ ಸಣ್ಣ ಕಾರುಗಳಿಗೂ ಅಗ್ಗದಲ್ಲಿ ಒದಗಿತು. ವಿದ್ಯುತ್ ಕಾರುಗಳಲ್ಲಂತೂ ಕ್ಲಚ್ಚೇ ಇಲ್ಲ. 2050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕನ್ನು ಹೊತ್ತ ಪಾವಗಡದ ನೆಲಕ್ಕೆ ಆ ಕಾಲವೇನೂ ದೂರದ್ದಲ್ಲ.

ಇದನ್ನು ಹಳಿಯುವುದು ವಿವೇಕವಲ್ಲ. ಮೊಣಕಾಲು ನೋವಿನ ವೃದ್ಧರಿಗೆ, ನಗರದ ದಟ್ಟಣೆಯಲ್ಲಿ ಬಳಲುವವರಿಗೆ ಅದು ವರವೇ ಸರಿ. ಆದರೆ ಈ ತಾಲ್ಲೂಕುಗಳ ಬಸ್ಸುಗಳೂ ಸರಕು ವಾಹನಗಳೂ ಬಹುಮಟ್ಟಿಗೆ ಇಂದಿಗೂ ಕೈಯಿಂದ ಗೇರು ಹಾಕಿ ಓಡಿಸುವಂಥವು. ಸ್ವಯಂಚಾಲಿತ ಕಾರನ್ನಷ್ಟೇ ಕಲಿತ ತರುಣನು ಅವುಗಳ ಮುಂದೆ ಕೈಕಟ್ಟಿ ನಿಲ್ಲಬೇಕಾದೀತು. ಒಂದು ಜೀವನೋಪಾಯವೇ ಅವನ ಪಾಲಿಗೆ ಮುಚ್ಚಿಹೋದೀತು. ಗೇರು ಬಲ್ಲವನಿಗಾದರೋ ಎರಡೂ ಸಲ್ಲುತ್ತವೆ.

ಆದುದರಿಂದ ಚಾಲನೆ ಕಲಿಯುವವರು ಮೊದಲು ಗೇರಿನ ಕಾರಿನಲ್ಲಿ ಕಲಿಯುವುದು ಲೇಸು. ಯಂತ್ರವು ಕೈಕಾಲುಗಳ ಶ್ರಮವನ್ನು ಕಳೆಯಲಿ. ಏರನ್ನೂ ಇಳಿಜಾರನ್ನೂ ಮುಂಚಿತವಾಗಿ ಅರಿತು ನಡೆಯುವ ಎಚ್ಚರವು ಮಾತ್ರ ಮನುಷ್ಯನಲ್ಲಿಯೇ ಉಳಿಯಲಿ.