ಹಡಗು ಹೊತ್ತ ನೀರು

ಮಕ್ಕಳೇ, ನಾನು ಬ್ಯಾಂಕಿನಲ್ಲಿದ್ದಾಗ ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಬಿದ್ದರೆ ತಿದ್ದಿಬಿಡುತ್ತಿದ್ದೆವು. ಕಡಲಿನ ಲೆಕ್ಕ ಹಾಗಲ್ಲ.

ಸರಕು ಇಳಿಸಿದ ಹಡಗು ಓಲಾಡದಿರಲೆಂದು ಅದರ ತೊಟ್ಟಿಗಳಿಗೆ ಸಮುದ್ರದ ನೀರು ತುಂಬುತ್ತಾರೆ. ಮುಂದಿನ ಬಂದರಿನಲ್ಲಿ ಸರಕು ಹೇರುವಾಗ ಅದನ್ನು ಹೊರಬಿಡುತ್ತಾರೆ. ನೀರಿನ ಜೊತೆ ಮೊಟ್ಟೆ, ಮರಿಗಳೂ ಇಳಿಯುತ್ತವೆ.

1980ರ ದಶಕದಲ್ಲಿ ಅಮೆರಿಕದ ಕರಾವಳಿಯ ಲೋಳೆಯಂಥ ಜೀವಿಯೊಂದು ಹೀಗೆಯೇ ಕಪ್ಪು ಸಮುದ್ರ ಸೇರಿತು. ಅದನ್ನು ತಿನ್ನುವ ಶತ್ರು ಅಲ್ಲಿರಲಿಲ್ಲ. ಮೀನಿನ ಮೊಟ್ಟೆಗಳನ್ನೂ ಮೀನಿನ ಆಹಾರವನ್ನೂ ಅದು ಕಬಳಿಸಿತು. ಮೊದಲೇ ಅತಿಯಾಗಿ ಮೀನು ಹಿಡಿದಿದ್ದ ಆ ಕಡಲಲ್ಲಿ ಬೆಸ್ತರ ಬಲೆ ಬರಿದಾಯಿತು.

2017ರಲ್ಲಿ ಅಂತರರಾಷ್ಟ್ರೀಯ ನಿಯಮ ಜಾರಿಗೆ ಬಂತು. ಈಗ ಹಡಗಿನಲ್ಲೇ ಆ ನೀರನ್ನು ಸೋಸಿ, ನೇರಳಾತೀತ ಕಿರಣ ಹಾಯಿಸಿಯೋ ಕ್ಲೋರಿನ್ ಬಳಸಿಯೋ ಶುದ್ಧಮಾಡಿ ಹೊರಬಿಡುತ್ತಾರೆ.

ಮನೆಯ ಗಾಜಿನ ತೊಟ್ಟಿಯ ಮೀನು ಸಾಕಾಯಿತೆಂದು ಕೆರೆಗೆ ಬಿಡಬೇಡಿ. ಅದೂ ತಿದ್ದಲಾಗದ ತಪ್ಪು ಜಮೆಯೇ!